ಪೆಟ್ಟಿಗೆಯಲ್ಲಿರುವ ಬೆಳ್ಳಿ ರೂಪಾಯಿ: ಒಳಗೆ ಬೆಳ್ಳಿ ಎಷ್ಟು? ಮನೆಯಲ್ಲೇ ಲೆಕ್ಕ ಹಾಕಿ

ಕೊಡಗಿನ ಹಳೇ ಮನೆಗಳಲ್ಲಿ ನಾಲ್ಕಾರು ಬೆಳ್ಳಿ ರೂಪಾಯಿ ಸಿಗುವುದು ಹೊಸ ಮಾತೇನಲ್ಲ. ಮದುವೆಯಲ್ಲಿ ಅಕ್ಕಿ ಹಾಕಿ, ಕಿಂಡಿಯ (ಕೊಕ್ಕಿರುವ ಚೆಂಬಿನ) ಹಾಲು ಕುಡಿಸಿ, ಕೈಗೊಂದು ನಾಣ್ಯ ಇಟ್ಟು ಹರಸುವ ಊರು ನಮ್ಮದು. ಬೆಳ್ಳಿ ಬೆಲೆ ಏರಿದಾಗಲೆಲ್ಲ ಇವು ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಮಡಿಕೇರಿಗೋ ವಿರಾಜಪೇಟೆಗೋ ಒಯ್ಯುವ ಮೊದಲು ಲೆಕ್ಕ ನಿಮ್ಮ ಕೈಯಲ್ಲಿರಲಿ. ಬೇಕಾಗುವುದು ಒಂದು ಆಯಸ್ಕಾಂತ, 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ತುಂಡು ದಾರ.

ಮೊದಲು ಇಸವಿ ನೋಡಿ. ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತದೆ. 1835ರಿಂದ 1939ರವರೆಗಿನ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರ 12 ಪಾಲಿನಲ್ಲಿ 11 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಲ್ಲಿಗೆ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಅಪ್ಪಟ ಬೆಳ್ಳಿ. ರಾಣಿ ರೂಪಾಯಿಯಲ್ಲಿ ಬೆಳ್ಳಿ ಜಾಸ್ತಿ ಅಂತ ಹೇಳುವವರಿದ್ದಾರೆ. ಹಾಗೇನಿಲ್ಲ. ವಿಕ್ಟೋರಿಯಾ ಇರಲಿ, ಕಿರೀಟವಿಲ್ಲದ ಬೋಳುತಲೆಯ ಏಳನೇ ಎಡ್ವರ್ಡ್ ಇರಲಿ, ಐದನೇ ಜಾರ್ಜ್ ಇರಲಿ, ಬೆಳ್ಳಿ ಅಷ್ಟೇ.

ಗೆರೆ ಬೀಳುವುದು 1940ಕ್ಕೆ. ಎರಡನೇ ಮಹಾಯುದ್ಧ ಶುರುವಾಗಿತ್ತು, ಜನ ಬೆಳ್ಳಿ ನಾಣ್ಯ ಕೂಡಿಟ್ಟುಕೊಳ್ಳತೊಡಗಿದ್ದರು. ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ನೂರಕ್ಕೆ 50 ಬೆಳ್ಳಿ, 40 ತಾಮ್ರ, ತಲಾ 5 ನಿಕಲ್ ಮತ್ತು ಸತು. ತೂಕ ಅದೇ 11.66 ಗ್ರಾಂ, ಬೆಳ್ಳಿ ಮಾತ್ರ 5.83. ಗುರುತು ಬೇಕಿದ್ದರೆ ಅಂಚು ನೋಡಿ: ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಇರುತ್ತದೆ. ಹಿಂದೆ ಹುಲಿ ಇರುವ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕಲ್.

ಎಂಟಾಣೆ, ಪಾವಲಿ (ನಾಲ್ಕಾಣೆ)ಗಳ ತೂಕ 5.83 ಮತ್ತು 2.92 ಗ್ರಾಂ. ಆದರೆ 1918ರ ನಂತರದ ಚೌಕ ಎರಡಾಣೆಯನ್ನೂ, 1919-20ರ ಸುಮಾರಿನ ತಾಮ್ರ-ನಿಕಲ್ ನಾಲ್ಕಾಣೆ, ಎಂಟಾಣೆಗಳನ್ನೂ ಪಕ್ಕಕ್ಕಿಡಿ, ಅವುಗಳಲ್ಲಿ ಬೆಳ್ಳಿ ಇಲ್ಲ. ಸ್ವಾತಂತ್ರ್ಯದ ನಂತರದ್ದರಲ್ಲಿ 1969ರ ಗಾಂಧಿ ಹತ್ತು ರೂಪಾಯಿಯನ್ನು ಮರೆಯಬೇಡಿ. 15 ಗ್ರಾಂ ತೂಕ, ನೂರಕ್ಕೆ 80 ಬೆಳ್ಳಿ, ಅಂದರೆ 12 ಗ್ರಾಂ. ಹಳೇ ರೂಪಾಯಿಗಿಂತ ಇದರಲ್ಲೇ ಜಾಸ್ತಿ!

ಇಸವಿ ಆಯಿತು, ಈಗ ಆಯಸ್ಕಾಂತ. ಹುಲಿ ರೂಪಾಯಿ ತಟ್ಟನೆ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ. ಅಂಟಲಿಲ್ಲ ಅಂದ ಮಾತ್ರಕ್ಕೆ ಬೆಳ್ಳಿ ಅಂತ ಕುಣಿಯಬೇಡಿ, ತಾಮ್ರ ಹಿತ್ತಾಳೆಯೂ ಅಂಟುವುದಿಲ್ಲ. ಆಮೇಲೆ ತೂಗಿ. ಕೈಯಿಂದ ಕೈಗೆ ಓಡಾಡಿದ ನಾಣ್ಯ ಸವೆದು ಕೊಂಚ ಕಡಿಮೆ ಬರುವುದು ಸಹಜ. ಲೆಕ್ಕಕ್ಕೆ ತಕ್ಕಡಿ ತೋರಿಸಿದ ತೂಕವನ್ನೇ ಹಿಡಿಯಿರಿ.

ನಕಲಿಯನ್ನು ಹಿಡಿಯುವುದು ನೀರು. ಅರ್ಧ ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳ್ಳನೆ ದಾರ ಕಟ್ಟಿ ನೀರಿನಲ್ಲಿ ಇಳಿಬಿಡಿ. ನಾಣ್ಯ ಪೂರ್ತಿ ಮುಳುಗಬೇಕು, ತಳಕ್ಕೂ ಪಕ್ಕಕ್ಕೂ ತಾಗಬಾರದು. ಮೈಗೆ ಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲ್ಲಾಡಿಸಿ. ಸವೆಯದ 1939ರವರೆಗಿನ ರೂಪಾಯಿಗೆ ತಕ್ಕಡಿ ಸುಮಾರು 1.13 ತೋರಿಸುತ್ತದೆ, ಯುದ್ಧಕಾಲದ್ದಕ್ಕೆ 1.22. ಸವೆದ ನಾಣ್ಯವಾದರೆ ಅದರ ತೂಕವನ್ನು, ನೀರಿನಲ್ಲಿ ಇಳಿಬಿಟ್ಟಾಗ ತಕ್ಕಡಿ ತೋರಿಸಿದ ಅಂಕಿಯಿಂದ ಭಾಗಿಸಿ. 10.3ರ ಹತ್ತಿರ ಬಂದರೆ ಹಳೇ ಬೆಳ್ಳಿ, 9.5 ಬಂದರೆ ಅರ್ಧ ಬೆಳ್ಳಿ. 9ಕ್ಕಿಂತ ಕೆಳಗೆ ಬಂತು ಅಂದರೆ ಯಾರೋ ಯಾವತ್ತೋ ನಿಮ್ಮ ಮನೆಯವರಿಗೆ ಟೋಪಿ ಹಾಕಿದ್ದಾರೆ ಅಂತಲೇ. ಅಡುಗೆಮನೆಯ ತಕ್ಕಡಿಯಲ್ಲಿ ಇದು ಆಗದು, ಇಷ್ಟು ಸಣ್ಣ ವ್ಯತ್ಯಾಸ ಅದಕ್ಕೆ ಕಾಣುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಪೇಪರಿನಲ್ಲಿ ಬರುವ ಕಿಲೋ ದರವನ್ನು 1000ದಿಂದ ಭಾಗಿಸಿದರೆ ಗ್ರಾಂ ದರ. ನಾಣ್ಯದ ತೂಕವನ್ನು 0.917ರಿಂದ ಗುಣಿಸಿ, ಗ್ರಾಂ ದರದಿಂದ ಮತ್ತೆ ಗುಣಿಸಿ. 1940-45ರದ್ದಾದರೆ 0.5. ಸುಮ್ನೆ ಲೆಕ್ಕಕ್ಕೆ ಗ್ರಾಂಗೆ 100 ರೂಪಾಯಿ ಅಂದುಕೊಂಡರೆ ಹಳೇದು 1069, ಯುದ್ಧಕಾಲದ್ದು 583. ಕರಗಿಸುವ ಖರ್ಚು, ಲಾಭ ಅಂತ ಅಂಗಡಿಯವರು ಒಂದಿಷ್ಟು ಕಳೆಯುತ್ತಾರೆ, ಅದು ನ್ಯಾಯವೇ. ಆದರೆ 1912ರ ನಾಣ್ಯವನ್ನು ಅರ್ಧ ಬೆಳ್ಳಿ ಅಂದರೆ ಸುಮ್ಮನಿರಬೇಡಿ. ಕೊರಳಿಗೆ ಹಾಕಲು ಕೊಂಡಿ ಬೆಸೆದ ನಾಣ್ಯವಾದರೆ ಬೆಸುಗೆಯ ತೂಕವೂ ಸೇರಿರುತ್ತದೆ, ಅಲ್ಲಿ ಸ್ವಲ್ಪ ಬಿಟ್ಟುಕೊಡಿ.

ಕರಗಿಸಲು ಕೊಡುವ ಮುಂಚೆ ಎರಡು ವಸ್ತು ಹುಡುಕಿ. ಒಂದು, 1911ರ ರೂಪಾಯಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಂಡು ಗಲಾಟೆಯಾಗಿ, ಮುಂದಿನ ವರ್ಷ ಚಿತ್ರ ತಿದ್ದಿದರು. ಸಂಗ್ರಹಕಾರರು ಇದಕ್ಕೆ ಬೆಳ್ಳಿಗಿಂತ ಜಾಸ್ತಿ ಕೊಡುತ್ತಾರೆ. ಇನ್ನೊಂದು ಕೊಡಗಿನದೇ: 1837ರ ದಂಗೆಯಲ್ಲಿ ತನ್ನ ಪರ ನಿಂತ ಕೊಡಗರಿಗೆ ಕಂಪನಿ ಸರ್ಕಾರ ಕೊಟ್ಟ ಪದಕ. ಚಿನ್ನದ್ದೂ ಇದೆ, ಬೆಳ್ಳಿಯದ್ದೂ ಇದೆ. ಆ ನಿಷ್ಠೆಯ ಬಗ್ಗೆ ಏನೇ ಅನ್ನಿಸಲಿ, ಅದನ್ನು ಬೆಳ್ಳಿಯ ತೂಕಕ್ಕೆ ಮಾರುವುದು ಶುದ್ಧ ದಡ್ಡತನ.

ಕಪ್ಪಾಗಿದೆ ಅಂತ ಉಜ್ಜಬೇಡಿ. ಹುಣಸೆಹುಳಿಯೂ ಬೇಡ, ಕಾಚಂಪುಳಿಯೂ (ಕೊಡಗಿನ ಅಡುಗೆಯ ಕಪ್ಪು ಹುಳಿ) ಬೇಡ, ಟೂತ್‌ಪೇಸ್ಟಂತೂ ಬೇಡವೇ ಬೇಡ. ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರ ಹತ್ತಿರ ಬೆಲೆ ಬಿದ್ದುಹೋಗುತ್ತದೆ.

ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಅಂತ ಫೋನ್ ಬಂದರೆ ಇಟ್ಟುಬಿಡಿ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ ಎಂದು 2021ರಲ್ಲೇ ಹೇಳಿದೆ. ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಕಣ್ಣಲ್ಲಿ ಪುರಾತನ ವಸ್ತು, ವಿದೇಶದ ನೆಂಟರಿಗೆ ಕೊಟ್ಟು ಕಳಿಸುವಂತಿಲ್ಲ. ತೋಟದಲ್ಲಿ ಗುಂಡಿ ತೋಡುವಾಗ ಕುಡಿಕೆ ಸಿಕ್ಕಿದರೆ ಅದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಮಾರುವ ಮನಸ್ಸಿಲ್ಲದಿದ್ದರೆ ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮಳೆಗಾಲದ ತೇವಕ್ಕೆ ಡಬ್ಬಿಯೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳ ಬಿಗಿ ಮಾಡಿ.