ಪಾರ್ಶ್ವವಾಯುವಿನ ನಂತರದ ಸ್ನಾಯು ಬಿಗಿತ: ಮೊದಲೇ ಗುರುತಿಸುವುದು ಹೇಗೆ?

ಪಾರ್ಶ್ವವಾಯು ಬಡಿದ ಮೊದಲ ದಿನಗಳಲ್ಲಿ ಕೈ ಸಾಮಾನ್ಯವಾಗಿ ಜೋಲುಬಿದ್ದಿರುತ್ತದೆ. ಕೆಲವು ವಾರಗಳಲ್ಲಿ ಅದೇ ಕೈ ಮೊಣಕೈಯಲ್ಲಿ ಮಡಚಿಕೊಂಡು, ಹೆಬ್ಬೆರಳನ್ನು ಒಳಗೆ ಸೇರಿಸಿ ಮುಷ್ಟಿ ಬಿಗಿಯಬಹುದು. ‘ಕೈಗೆ ಶಕ್ತಿ ಬರುತ್ತಿದೆ’ ಎಂದು ಮನೆಯವರು ಹಿಗ್ಗುತ್ತಾರೆ. ಆದರೆ ಶಕ್ತಿ ಬೇರೆ, ಬಿಗಿತ ಬೇರೆ. ಮಿದುಳಿನ ಹತೋಟಿ ತಪ್ಪಿದಾಗ ಬೆನ್ನುಹುರಿಯ ಪ್ರತಿವರ್ತನೆ (ನಾವು ಬಯಸದೆಯೇ ಆಗುವ ಪ್ರತಿಕ್ರಿಯೆ) ಕಡಿವಾಣವಿಲ್ಲದಂತಾಗಿ, ಎಳೆದ ಸ್ನಾಯು ತಾನಾಗಿಯೇ ಸೆಟೆಯುತ್ತದೆ.

ಮೊದಲು ಅಪಾಯವನ್ನು ಅಂದಾಜು ಮಾಡಿ. ಎಲ್ಲರಿಗೂ ಹೀಗಾಗುವುದಿಲ್ಲ. ಆರಂಭದಲ್ಲೇ ಕೈಕಾಲು ತೀರಾ ದುರ್ಬಲವಾಗಿದ್ದವರಲ್ಲಿ ಸಾಧ್ಯತೆ ಹೆಚ್ಚು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ಇದನ್ನೇ. ಆ ಭಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಊಟ, ಸ್ನಾನ, ಬಟ್ಟೆ ತೊಡುವುದಕ್ಕೆ ಪೂರ್ತಿ ಇನ್ನೊಬ್ಬರನ್ನು ಅವಲಂಬಿಸಿರುವುದು ಕೂಡ ಎಚ್ಚರಿಕೆಯ ಗುರುತುಗಳು. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಚಲನೆಯ ನರತಂತುಗಳು ಹಾದುಹೋಗುವ ಒಳಭಾಗಕ್ಕೆ ಪೆಟ್ಟಾಗಿದ್ದರೆ ಅಪಾಯ ಏರುತ್ತದೆ. ವಯಸ್ಸು ಚಿಕ್ಕದೆಂದು ನಿಶ್ಚಿಂತರಾಗಬೇಡಿ. ಕಿರಿಯರಲ್ಲೇ ಬಿಗಿತ ಹೆಚ್ಚೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಸ್ಕ್ಯಾನ್ ವರದಿ ಹಿಡಿದು ವೈದ್ಯರನ್ನು ನೇರವಾಗಿ ಕೇಳಿ.

ಆಮೇಲೆ ಮೊದಲ ಮೂರು ತಿಂಗಳು ಕೈಕಾಲನ್ನು ಗಮನಿಸುತ್ತಿರಿ. ಅಂಗಿ ತೊಡಿಸುವ ಹೊತ್ತು ಇದಕ್ಕೆ ಒಳ್ಳೆಯ ಸಮಯ. ಭುಜಕ್ಕೆ ಆಸರೆ ಕೊಟ್ಟು ಮೊಣಕೈಯನ್ನು ನಿಧಾನವಾಗಿ ಚಾಚಿ. ಬಳಿಕ ಅದನ್ನೇ ತುಸು ಬೇಗ ಮಾಡಿ. ನಿಧಾನಕ್ಕೆ ಸಲೀಸಾಗಿ ಬಂದ ಕೈ ವೇಗಕ್ಕೆ ಮಧ್ಯದಲ್ಲಿ ತಟಕ್ಕನೆ ತಡೆದರೆ ಅದು ಬಿಗಿತದ ಸುಳಿವು. ಜಗ್ಗಬೇಡಿ, ನೋವಾದರೆ ಅಲ್ಲಿಗೇ ಬಿಡಿ. ನಡೆಯುವಾಗ ಪಾದ ಒಳಕ್ಕೆ ತಿರುಗಿ ಬೆರಳ ತುದಿ ನೆಲಕ್ಕೆ ಉಜ್ಜುತ್ತಿದೆಯೇ ಎಂದೂ ನೋಡಿ. ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡಿ. ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರ ಕಣ್ಣಿಗೆ ಬೀಳದ್ದು ನಿಮ್ಮ ಟಿಪ್ಪಣಿಯಲ್ಲಿರುತ್ತದೆ.

ಇದ್ದಕ್ಕಿದ್ದಂತೆ ಬಿಗಿತ ಹೆಚ್ಚಿದರೆ ಕಾರಣ ಬೇರೆಲ್ಲೋ ಇರಬಹುದು: ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು, ಮಾಂಸದೊಳಗೆ ಬೆಳೆದ ಕಾಲುಗುರು. ಮಾತು ಕಳೆದುಕೊಂಡ ರೋಗಿ ನೋವನ್ನು ಹೇಳಲಾರರು. ಅವರ ಪರವಾಗಿ ನೀವೇ ಹುಡುಕಬೇಕು.

ದಿನವೂ ಕೈಕಾಲನ್ನು ಸರಿಯಾದ ಭಂಗಿಯಲ್ಲಿ ಇಡುವುದನ್ನು, ಕೀಲುಗಳನ್ನು ಆಡಿಸುವುದನ್ನು ಫಿಸಿಯೊಥೆರಪಿಸ್ಟ್ ಎದುರಿಗೇ ಮಾಡಿ ಕಲಿತುಕೊಳ್ಳಿ. ಅಗತ್ಯವಿದ್ದರೆ ವೈದ್ಯರು ಸ್ನಾಯು ಸಡಿಲಿಸುವ ಬ್ಯಾಕ್ಲೋಫೆನ್‌ನಂತಹ ಮಾತ್ರೆ ಅಥವಾ ಬೊಟುಲಿನಮ್ ಚುಚ್ಚುಮದ್ದು ಸೂಚಿಸುತ್ತಾರೆ. ಚುಚ್ಚುಮದ್ದಿನ ಪರಿಣಾಮ ಸುಮಾರು 3 ತಿಂಗಳು ಇರುತ್ತದೆ. ಬ್ಯಾಕ್ಲೋಫೆನ್ ಅನ್ನು ನೀವಾಗಿ ಹಠಾತ್ತನೆ ನಿಲ್ಲಿಸಿದರೆ ಅಪಾಯ. ಉಗುರು ಕತ್ತರಿಸಲು, ಅಂಗೈ ತೊಳೆಯಲು ಮುಷ್ಟಿ ಬಿಡಿಸಲಾಗದ ಸ್ಥಿತಿ ಬಂದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಕರೆದೊಯ್ಯಿರಿ.