ಕಾರಿಲ್ಲದೆ, ಕ್ಯೂ ಇಲ್ಲದೆ ವರೆನ್ನಾ: ಅಪ್ಪ ಅಮ್ಮನ ಜೊತೆ ಕೋಮೋ ಸರೋವರದ ನನ್ನ ಅನುಭವ

ಇಟಲಿಯ ಕೋಮೋ ಸರೋವರಕ್ಕೆ ಹೋಗಿ ಬಂದ ನಮ್ಮವರು ಹೇಳೋದು ಹೆಚ್ಚುಕಮ್ಮಿ ಒಂದೇ. "ಜಾಗ ಸೂಪರ್, ಆದರೆ ಕ್ಯೂ ನಿಂತು ನಿಂತು ಸಾಕಾಯ್ತು." ನಾನಿರುವುದು ಮ್ಯೂನಿಕ್‌ನಲ್ಲಿ. ಇಲ್ಲಿನ ಗೆಳೆಯರು ವೀಕೆಂಡಿಗೆ ಕಾರು ಬಾಡಿಗೆಗೆ ತಗೊಳ್ಳುತ್ತಾರೆ, ಸರೋವರದ ದಡದ ಬೆಲ್ಲಾಜಿಯೋ ಊರಿನಲ್ಲಿ ಒಂದು ಜೆಲಾಟೋ (ಇಟಲಿಯ ಐಸ್‌ಕ್ರೀಮ್) ತಿಂದು, ನಾಲ್ಕು ಫೋಟೋ ಹೊಡೆದು ವಾಪಸ್ ಬರುತ್ತಾರೆ. ರಾಮನಗರದಿಂದ ಬಂದಿದ್ದ ಅಪ್ಪ ಅಮ್ಮನನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ, ವರೆನ್ನಾ ಅನ್ನೋ ಒಂದೇ ಸಣ್ಣ ಊರಿನಲ್ಲಿ ಹತ್ತಿರ ಹತ್ತಿರ ಒಂದು ವಾರ ಇರುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. "ವಯಸ್ಸಾದವರನ್ನ ರೈಲಲ್ಲಾ? ಕಾರ್ ತಗೋ ಗುರು." "ಅಷ್ಟು ದಿನ ಒಂದೇ ಕಡೆ ಏನ್ ಮಾಡ್ತೀಯಾ?" "ಅಲ್ಲಿ ಸೋಮವಾರ ಏನೂ ಇರಲ್ಲ." ಹೀಗೆ ನೂರೆಂಟು.

ಹೋಗಿ ಬಂದೆವು. ದೋಣಿಗಾಗಿ ನಾವು ಹತ್ತು ನಿಮಿಷಕ್ಕಿಂತ ಜಾಸ್ತಿ ಕಾದ ನೆನಪಿಲ್ಲ. ಅಮ್ಮನ ಮಂಡಿ ಗಟ್ಟಿಯಾಗಿಯೇ ವಾಪಸ್ ಬಂತು. ಖರ್ಚು, ಕಾರಿನಲ್ಲಿ ಮೂರು ದಿನ ಹೋಗಿ ಬಂದವರಿಗೆ ಆದಷ್ಟೇ.

ಬೇರೆ ದಾರಿಗಳನ್ನೆಲ್ಲ ಹಿಂದೆಯೇ ನೋಡಿಯಾಗಿತ್ತು. ಮಿಲಾನ್‌ನಲ್ಲಿ ರೂಮ್ ಮಾಡಿ ಒಂದೇ ದಿನದಲ್ಲಿ ಹೋಗಿ ಬರೋದು ಆಗಸ್ಟ್‌ನಲ್ಲಂತೂ ಶಿಕ್ಷೆ. ಮಧ್ಯಾಹ್ನ ನಾಲ್ಕಕ್ಕೆ ಬೆಲ್ಲಾಜಿಯೋ ದಡದಲ್ಲಿ ನಿಂತರೆ ಎರಡು ದೋಣಿ ಕಣ್ಣೆದುರೇ ತುಂಬಿ ಹೊರಡುತ್ತವೆ. ಕೋಮೋ ನಗರದಲ್ಲಿ ಉಳಿದರೆ ಬೆಲ್ಲಾಜಿಯೋಗೆ ನಿಧಾನದ ದೋಣಿಯಲ್ಲಿ ಎರಡು ಗಂಟೆ ಹಿಡಿಯುತ್ತದೆ. ಬೇಗ ಹೋಗುವ ದೋಣಿಗೆ ದುಡ್ಡು ಜಾಸ್ತಿ, ಸೀಟು ಕಮ್ಮಿ. ಕಾರಿನ ಕಥೆ ಇನ್ನೂ ಬೇರೆ. ಪಶ್ಚಿಮ ದಡದ ರಸ್ತೆ ಎಷ್ಟು ಕಿರಿದು ಅಂದರೆ ಎದುರಿಗೆ ಬಸ್ಸು ಬಂದರೆ ಯಾರೋ ಒಬ್ಬರು ರಿವರ್ಸ್ ಹೋಗಲೇಬೇಕು. ಪಾರ್ಕಿಂಗ್ ಹುಡುಕಿ ಒಂದು ಗಂಟೆ ಹೋಯ್ತು. ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲದ ಬೀದಿಯ ಕ್ಯಾಮೆರಾದಿಂದ, ತಿಂಗಳುಗಳ ನಂತರ ಮನೆಗೆ ನೂರು ಯೂರೋ ಆಸುಪಾಸಿನ ದಂಡದ ಕಾಗದ ಬಂತು.

ಈ ಸಲದ ಲೆಕ್ಕ ಸರಳ. ಹೊರಗಿನ ಜನ ಬೆಳಗ್ಗೆ ಹತ್ತರ ನಂತರ ಬರುತ್ತಾರೆ, ಸಂಜೆ ಐದಾರಕ್ಕೆ ಹೊರಡುತ್ತಾರೆ. ನಾವು ಅದಕ್ಕೆ ಉಲ್ಟಾ ಓಡಾಡಬೇಕು. ಅವರು ಬರುವಾಗ ನಾವು ಮನೆಯಲ್ಲಿ ಊಟ ಮಾಡಿ ಮಲಗಿರಬೇಕು. ಹೀಗೆ ಮಾಡೋಕೆ ಊರಿನಲ್ಲೇ ಮನೆ ಬೇಕು, ಆ ಊರಿಗೆ ರೈಲೂ ಇರಬೇಕು, ದೋಣಿಯೂ ಇರಬೇಕು. ನಡುಸರೋವರದ ದೊಡ್ಡ ಹೆಸರಿನ ಊರುಗಳಲ್ಲಿ ಎರಡೂ ಇರುವುದು ವರೆನ್ನಾಗೆ ಮಾತ್ರ. ಬೆಲ್ಲಾಜಿಯೋಗೂ ಮೆನಾಜಿಯೋಗೂ ರೈಲಿಲ್ಲ.

ಮಿಲಾನ್ ಸೆಂಟ್ರಾಲೆ ಸ್ಟೇಷನ್ನಿನಿಂದ ತಿರಾನೋ ಕಡೆ ಹೋಗುವ ಲೋಕಲ್ ರೈಲು ಹತ್ತಿದರೆ ವರೆನ್ನಾಗೆ ಗಂಟೆಯ ಮೇಲೆ ಸ್ವಲ್ಪ ಹೊತ್ತು. ಟಿಕೆಟ್ ತಲೆಗೆ ಏಳೂವರೆ ಯೂರೋ ಹತ್ತಿರ ಇತ್ತು. ಮುಂಚೆ ತಗೊಂಡರೂ ಆವತ್ತೇ ತಗೊಂಡರೂ ಅದೇ ರೇಟು, ಸೀಟ್ ನಂಬರ್ ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಮಿಷನ್‌ನಲ್ಲಿ ಮುದ್ರೆ ಹಾಕಿಸಲೇಬೇಕು. ಎಡಗಡೆ ಕೂರಿ. ಲೆಕ್ಕೋ ಊರು ದಾಟಿದ ಮೇಲೆ ಸುರಂಗ, ನೀರು, ಸುರಂಗ, ನೀರು, ಎಲ್ಲಾ ಎಡಗಡೆಯೇ.

ಸಮಯ ಏಪ್ರಿಲ್ ಮೂರನೇ ವಾರ. ಏಪ್ರಿಲ್ 25 ಇಟಲಿಗೆ ವಿಮೋಚನೆ ದಿನ, ಮೇ 1 ಕಾರ್ಮಿಕರ ದಿನ. ಆ ನಡುವಿನ ವಾರ ಇಡೀ ಮಿಲಾನ್ ಸರೋವರದ ದಡದಲ್ಲಿರುತ್ತದೆ. 25ಕ್ಕೆ ಮುಂಚೆ ಜಾಗ ಖಾಲಿ ಮಾಡಿದ್ದು ಈ ಪ್ರವಾಸದ ಅತಿ ಒಳ್ಳೆಯ ತೀರ್ಮಾನ. ಅಡುಗೆಮನೆ ಇರುವ ಎರಡು ಕೋಣೆಯ ಮನೆಗೆ ರಾತ್ರಿಗೆ 150 ಯೂರೋ ಲೆಕ್ಕದಲ್ಲಿ ಬಿತ್ತು, ಊರಿನ ಪ್ರವಾಸಿ ತೆರಿಗೆ ಬೇರೆ. ನಾವು ನಾಲ್ಕು ಜನ: ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ. ಅದೇ ಮನೆ ಮೇ ತಿಂಗಳಿಗೆ ಎರಡು ಪಟ್ಟು ಹತ್ತಿರ ಕೇಳುತ್ತಿದ್ದರು. ಮನೆ ಹೇಗೆ ಸಿಕ್ಕಿತು, ಯಾರದು ಅನ್ನೋದು ನನ್ನ ಹತ್ತಿರವೇ ಇರಲಿ. ಮುಂದಿನ ವರ್ಷ ನನಗೇ ಬೇಕು. ಒಂದು ಸುಳಿವು ಕೊಡುತ್ತೇನೆ: ವರೆನ್ನಾದ ಓಣಿಗಳೆಲ್ಲ ಮೆಟ್ಟಿಲು. ಮನೆ ನೋಡುವಾಗ ಸರೋವರ ಕಾಣುತ್ತದಾ ಅಂತ ಕೇಳಬೇಡಿ, ಸ್ಟೇಷನ್ನಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತ ಕೇಳಿ. ನೀರು ಐದು ನಿಮಿಷದಲ್ಲಿ ಸಿಗುತ್ತದೆ, ಮಂಡಿ ಸಿಗಲ್ಲ.

ಬಂದ ಮಾರನೇ ದಿನ ಭಾನುವಾರ. ಊರು ತುಂಬಿ ತುಳುಕುವ ದಿನ ಅದೇ. ಅವತ್ತು ನಾವು ಊರಿನಲ್ಲಿ ಇರಲೇ ಇಲ್ಲ. ಲೆಕ್ಕೋ ಕಡೆ ಹಿಂದಕ್ಕೆ ಹೋಗಿ ಅಬ್ಬಾದಿಯಾ ಲಾರಿಯಾನಾದಲ್ಲಿ ಇಳಿದೆವು. ಅಲ್ಲಿ ಒಂದು ಹಳೇ ರೇಷ್ಮೆ ಗಿರಣಿ ಇದೆ, ಈಗ ಮ್ಯೂಸಿಯಂ. ದಿನಾ ತೆರೆದಿರಲ್ಲ, ನೋಡಿಕೊಂಡು ಹೋಗಬೇಕು. ಇದು ನನ್ನ ಸ್ವಂತ ಪ್ರಯೋಗ. ಕೋಮೋ ಕಡೆ ರೇಷ್ಮೆಗೆ ಹೆಸರುವಾಸಿ ಅಂತ ಎಲ್ಲರಿಗೂ ಗೊತ್ತು, ಆದರೆ ನಮ್ಮಪ್ಪ ಜೀವಮಾನ ಕಳೆದಿರೋದು ನೂಲು ಬಿಚ್ಚುವ ಕೆಲಸದಲ್ಲಿ, ಗೂಡಿನ ಮಾರ್ಕೆಟ್ಟು ಮತ್ತು ಬಿಸಿನೀರಿನ ಬೇಸಿನ್ ನಡುವೆ. ಅವರಿಗೆ ತೋರಿಸಬೇಕಾಗಿದ್ದು ಸ್ಕಾರ್ಫ್ ಅಂಗಡಿ ಅಲ್ಲ.

ಒಳಗೆ ನಿಂತಿರೋದು ರೇಷ್ಮೆಗೆ ಹುರಿ ಹಾಕುವ ಮರದ ದೊಡ್ಡ ಯಂತ್ರ, 1818ರದ್ದು. ದುಂಡಗೆ, ಮೂರು ಅಂತಸ್ತಿನಷ್ಟು ಎತ್ತರ. ಸುತ್ತಲೂ ಸಾಲು ಸಾಲು ಕದಿರುಗಳು. ಹೊಳೆ ನೀರಿನ ಚಕ್ರವೇ ಇದನ್ನು ತಿರುಗಿಸುತ್ತಿತ್ತು. ಅಪ್ಪ ಬೋರ್ಡುಗಳನ್ನು ಓದಲಿಲ್ಲ. ಇಟಾಲಿಯನ್ ಅವರಿಗೆ ಬರೋದೂ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಯಂತ್ರದ ಸುತ್ತ ಒಂದು ಸುತ್ತು ಬಂದರು. ಬಗ್ಗಿ, ಒಂದು ಎಳೆ ಎಲ್ಲಿಂದ ಹೊರಟು ಎಲ್ಲಿ ಸುತ್ತಿಕೊಳ್ಳುತ್ತದೆ ಅಂತ ಬೆರಳಿನಲ್ಲಿ ಗಾಳಿಯಲ್ಲೇ ಗೆರೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, "ಎಳೆ ಕಿತ್ತುಹೋದರೆ ಇದರೊಳಗೆ ಮನುಷ್ಯ ನುಗ್ಗಿ ಕಟ್ಟಬೇಕು ಕಣೋ. ಮಕ್ಕಳನ್ನೇ ಇಟ್ಟಿರ್ತಾರೆ" ಅಂದರು. ಇಟಲಿಯ ರೇಷ್ಮೆ ಗಿರಣಿಗಳಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ ದುಡಿದದ್ದು. ಅದನ್ನು ಅಪ್ಪ ಯಂತ್ರ ನೋಡಿಯೇ ಹೇಳಿಬಿಟ್ಟರು. ಒಂದೂವರೆ ಗಂಟೆ ಆದರೂ ಅವರು ಹೊರಡಲಿಲ್ಲ. ಆ ದಿನ ಸರೋವರವೇ ನೋಡದಿದ್ದರೂ ನನಗೆ ಬೇಜಾರಿರಲಿಲ್ಲ.

ಸೋಮವಾರದಿಂದ ಉಲ್ಟಾ ಟೈಮ್‌ಟೇಬಲ್ ಶುರು. ಬೆಳಗ್ಗೆ ಏಳಕ್ಕೆ ಪಾಸ್ಸೆಜ್ಜಾತಾ ದೆಲಿ ಇನ್ನಮೊರಾತಿ, ಅಂದರೆ ನೀರಿನ ಮೇಲೆ ಬಂಡೆಗೆ ಅಂಟಿಕೊಂಡಂತಿರುವ ಕೆಂಪು ಕಂಬಿಯ ಕಾಲುದಾರಿ. ಮಧ್ಯಾಹ್ನ ಅಲ್ಲಿ ಒಬ್ಬರ ಹಿಂದೊಬ್ಬರು. ಏಳಕ್ಕೆ ನಾವು ನಾಲ್ವರೇ. ಬೆಳಗಿನ ಹೊತ್ತನ್ನು ಹಿಡಿದಿದ್ದಕ್ಕೆ ಇನ್ನೊಂದು ಕಾರಣ ಗಾಳಿ. ಬೆಳಗ್ಗೆ ಉತ್ತರದಿಂದ ತಿವಾನೋ ಬೀಸುತ್ತದೆ, ಮೆಲ್ಲಗೆ. ಮಧ್ಯಾಹ್ನ ದಕ್ಷಿಣದಿಂದ ಬ್ರೆವಾ ಎದ್ದರೆ ನೀರು ಕುಲುಕುತ್ತದೆ. ಅಮ್ಮನಿಗೆ ದೋಣಿಯಲ್ಲಿ ವಾಕರಿಕೆ ಬರುತ್ತದೆ. ಬೆಳಗ್ಗೆ ಹೋದಾಗ ಒಂದು ಸಲವೂ ಬರಲಿಲ್ಲ.

ದೋಣಿ ವಿಷಯದಲ್ಲಿ ಒಂದು ಗುಟ್ಟು ಬಿಟ್ಟುಕೊಡುತ್ತೇನೆ. ಎಲ್ಲರೂ ಜನರ ದೋಣಿಯ ಕ್ಯೂನಲ್ಲಿ ನಿಲ್ಲುತ್ತಾರೆ. ವರೆನ್ನಾ, ಬೆಲ್ಲಾಜಿಯೋ, ಮೆನಾಜಿಯೋ, ಕದೆನಾಬ್ಬಿಯಾ, ಈ ನಾಲ್ಕಕ್ಕೂ ಕಾರು ಸಾಗಿಸುವ ದೊಡ್ಡ ಫೆರ್ರಿ ಇದೆ. ನಡೆದು ಬಂದವರೂ ಅದಕ್ಕೆ ಹತ್ತಬಹುದು. ಜಾಗ ಜಾಸ್ತಿ, ಕುಲುಕೋದು ಕಮ್ಮಿ. ಹೂತೋಟವಿರುವ ವಿಲ್ಲಾ ಕಾರ್ಲೊತ್ತಾ ಬಂಗಲೆ ನೋಡೋಕೆ ದೋಣಿಯಲ್ಲಿ ತ್ರೆಮೆಜ್ಜೋ ಊರಿನವರೆಗೆ ಹೋಗಬೇಕು ಅಂತ ಎಲ್ಲರೂ ತಿಳಿದಿರುತ್ತಾರೆ. ಕದೆನಾಬ್ಬಿಯಾದಲ್ಲಿ ಇಳಿದು ದಡದಲ್ಲೇ ಹತ್ತು ಹದಿನೈದು ನಿಮಿಷ ನಡೆದರೆ ಗೇಟು. ನಡುಸರೋವರದ ಒಂದು ದಿನದ ಪಾಸ್ 15 ಯೂರೋ ಆಸುಪಾಸು ಇತ್ತು. ಒಂದೇ ಕಡೆ ಹೋಗಿ ಬರೋದಾದರೆ ಪಾಸ್ ದಂಡ, ಬಿಡಿ ಟಿಕೆಟ್ಟೇ ವಾಸಿ. ಪಾಸ್ ತಗೊಂಡ ದಿನ ಮೂರು ಊರು ಮುಗಿಸಿ.

ಕಾರ್ಲೊತ್ತಾದಲ್ಲಿ ಏಪ್ರಿಲ್ ಕೊನೆಗೆ ಅಜೇಲಿಯಾ ಹೂವು ಆಳೆತ್ತರದ ಗೋಡೆಯ ಹಾಗೆ ಅರಳಿ ನಿಲ್ಲುತ್ತದೆ. ಅಮ್ಮ ಅಲ್ಲೇ ಕೂತುಬಿಟ್ಟರು. ಬೆಲ್ಲಾಜಿಯೋದಲ್ಲಿ ಅಂಗಡಿ ಬೀದಿ ಬಿಟ್ಟು ವಿಲ್ಲಾ ಮೆಲ್ಜಿ ತೋಟಕ್ಕೆ ಮೊದಲು ಹೋದೆವು. ಮುಗಿಸಿ ಹನ್ನೊಂದಕ್ಕೆ ದಡಕ್ಕೆ ಬಂದರೆ, ಬರುವ ದೋಣಿಗಳಲ್ಲಿ ಕಾಲಿಡೋಕೆ ಜಾಗವಿಲ್ಲ, ನಾವು ಹೋಗುವ ದೋಣಿ ಖಾಲಿ. ಗೆಳೆಯರ ಗುಂಪಿಗೆ ಆ ಎರಡು ಫೋಟೋ ಪಕ್ಕಪಕ್ಕದಲ್ಲಿಟ್ಟು ಕಳಿಸಿದೆ. ಆ ಕಡೆಯಿಂದ ಸದ್ದಿಲ್ಲ. ಲೆನ್ನೋ ಊರಿನ ವಿಲ್ಲಾ ಬಾಲ್ಬಿಯಾನೆಲ್ಲೋ ಬಂಗಲೆಗೆ ಸೋಮವಾರ, ಬುಧವಾರ ರಜೆ, ಇದನ್ನು ಮರೆತು ಬರುವವರು ಬಹಳ ಜನ. ಅದರ ಕೊನೆಯ ಒಡೆಯ ಗುಯಿದೋ ಮೊಂಜಿನೋ 1973ರಲ್ಲಿ ಇಟಲಿಯ ಮೊದಲ ಎವರೆಸ್ಟ್ ತಂಡ ಕಟ್ಟಿಕೊಂಡು ಹೋದವರು. ಆ ಯಾತ್ರೆಗಳ ಸಾಮಾನುಗಳು ಮನೆಯೊಳಗೇ ಇವೆ.

ವರೆನ್ನಾದಲ್ಲೇ ಇರುವ ವಿಲ್ಲಾ ಮೊನಾಸ್ತೆರೋಗೆ ಸಂಜೆ ಹೋಗಿ. ಹಿಂದೆ ಸನ್ಯಾಸಿನಿಯರ ಮಠ. ದಡದುದ್ದಕ್ಕೂ ಎರಡು ಕಿಲೋಮೀಟರ್ ಹತ್ತಿರ ತೋಟ. ವಿಜ್ಞಾನ ಓದಿದ ನಮ್ಮಂಥವರು ಒಳಗಿನ ಮನೆಗೂ ಟಿಕೆಟ್ ತಗೊಳ್ಳಬೇಕು. 1953ರಿಂದ ಇಟಲಿಯ ಭೌತಶಾಸ್ತ್ರ ಸಂಘದ ಬೇಸಿಗೆ ಶಾಲೆ ನಡೆಯೋದು ಇಲ್ಲೇ. 1954ರ ಬೇಸಿಗೆಯಲ್ಲಿ ಭೌತವಿಜ್ಞಾನಿ ಎನ್ರಿಕೋ ಫರ್ಮಿ ಇಲ್ಲಿ ಪಾಠ ಮಾಡಿದರು. ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಈಗ ಆ ಶಾಲೆಗೆ ಅವರದ್ದೇ ಹೆಸರು. ಪಠ್ಯದಲ್ಲಿ ಓದಿದ ಮನುಷ್ಯ ಕಿಟಕಿಯಿಂದ ಇದೇ ನೀರು ನೋಡಿರುತ್ತಾನೆ ಅಲ್ವಾ ಅನ್ನಿಸಿ ನಾನು ಅಲ್ಲಿ ಬಹಳ ಹೊತ್ತು ನಿಂತೆ.

ಕೆಟ್ಟ ದಿನ ಒಂದಿತ್ತು. ಮಳೆ. ವರೆನ್ನಾದ ಮೇಲಿನ ವೇಜಿಯೋ ಕೋಟೆ ಮಳೆ ಬಂದರೆ ಮುಚ್ಚಿಬಿಡುತ್ತದೆ. ನಾನು, ಅಪ್ಪ ಅರ್ಧ ಗಂಟೆ ಕಲ್ಲುದಾರಿ ಹತ್ತಿ ಬಾಗಿಲು ನೋಡಿ ಇಳಿದೆವು. ಅದನ್ನು ಇನ್ನೊಂದು ದಿನ ಹತ್ತಿ ನೋಡಿದೆವು. ಗಿಡುಗ, ಗೂಬೆಗಳನ್ನು ಕೈಮೇಲೆ ಕೂರಿಸಿಕೊಂಡು ಹಾರಿಸುತ್ತಾರೆ. ಅಂಗಳದಲ್ಲಿ ಪ್ಲಾಸ್ಟರ್‌ನ ಬಿಳಿ ದೆವ್ವಗಳು ಕೂತಿರುತ್ತವೆ. ಸರೋವರ ಎರಡು ಕವಲಾಗುವ ಜಾಗ ಕಾಣೋದು ಅಲ್ಲಿಂದಲೇ. ಮಳೆಯ ದಿನಕ್ಕೆ ಸರಿಹೋದದ್ದು ಬೆಲ್ಲಾನೋ. ರೈಲಿನಲ್ಲಿ ಮುಂದಿನ ಸ್ಟೇಷನ್, ಐದು ನಿಮಿಷವೂ ಆಗಲ್ಲ. ಪಿಯೊವೆರ್ನಾ ಹೊಳೆ ಬಂಡೆ ಸೀಳಿ ಮಾಡಿದ ಕೊರಕಲು, ಅದರ ಬಂಡೆಗೋಡೆಗೆ ಜೋಡಿಸಿದ ಕಾಲುದಾರಿಯಲ್ಲಿ ನಡೆಯಬೇಕು. ಮಳೆ ಬಿದ್ದು ನೀರು ಭೋರ್ಗರೆಯುತ್ತಿತ್ತು. ಬಿಸಿಲಿನಲ್ಲಿ ಹೋದವರಿಗೆ ಅದರ ಅರ್ಧವೂ ಸಿಕ್ಕಿರಲ್ಲ.

ಊಟದ ಪ್ರಯೋಗ ಹೇಳದೆ ಇರಲಾರೆ. ಅಪ್ಪನಿಗೆ ರಾತ್ರಿ ಮುದ್ದೆ ಇಲ್ಲದೆ ಆಗಲ್ಲ. ರಾಗಿ ಹಿಟ್ಟು ಎರಡನೇ ದಿನಕ್ಕೇ ಖಾಲಿ. ಅಂಗಡಿಯಲ್ಲಿ ಪೊಲೆಂತಾ ಅನ್ನೋ ಅಲ್ಲಿನ ಗಟ್ಟಿ ಗಂಜಿಗೆ ಬಳಸುವ ಮುಸುಕಿನ ಜೋಳದ ಹಿಟ್ಟು ಸಿಕ್ಕಿತು. ಅದೊಂದರಲ್ಲೇ ಮಾಡಿದ್ದು ಉಂಡೆಯಾಗಲಿಲ್ಲ, ಉದುರಿತು. ಪಕ್ಕದಲ್ಲೇ ಗ್ರಾನೋ ಸರಾಚೇನೋ, ಅಂದರೆ ಬಕ್‌ವೀಟ್ ಅನ್ನೋ ಬೂದು ಹಿಟ್ಟಿತ್ತು, ಹುರುಳಿಯಂತಹ ಮಣ್ಣಿನ ವಾಸನೆ. ಅದೊಂದರಲ್ಲೇ ಮಾಡಿದರೆ ಅಂಟಂಟು. ಎರಡನ್ನೂ ಸೇರಿಸಿದ ಮೇಲೆ ಮುದ್ದೆ ನಿಂತಿತು. ಅಳತೆ ಹೇಳಲ್ಲ, ಅದು ನನ್ನ ಹೆಂಡತಿಯ ಆಸ್ತಿ. ಇದೇ ಎರಡು ಹಿಟ್ಟು ಸೇರಿಸಿ, ಬೆಣ್ಣೆ, ಚೀಸ್ ಹಾಕಿ ಅಲ್ಲಿಯವರು ಪೊಲೆಂತಾ ತರಾಞಾ ಮಾಡುತ್ತಾರೆ ಅಂತ ಆಮೇಲೆ ಹೋಟೆಲಿನಲ್ಲಿ ಕಂಡೆವು. ಅಪ್ಪ ರುಚಿ ನೋಡಿ "ಹುಳಿ ಇದ್ದಿದ್ದರೆ ಚೆನ್ನಾಗಿರ್ತಿತ್ತು" ಅಂದರು. ಹೊರಗೆ ತಿನ್ನುವಾಗ ಸಸ್ಯಾಹಾರಿಗಳಿಗೆ ಪಿಜ್ಜೊಕ್ಕೆರಿ ವಾಸಿ: ಅದೇ ಬೂದು ಹಿಟ್ಟಿನ ಪಾಸ್ತಾ, ಆಲೂಗಡ್ಡೆ, ಕೋಸು. ಬಿಲ್ಲಿನಲ್ಲಿ ತಲೆಗೆ ಎರಡು ಮೂರು ಯೂರೋ ಕೊಪೆರ್ತೋ (ಟೇಬಲ್ಲಿಗೆ ಕೂತದ್ದಕ್ಕೆ ಶುಲ್ಕ) ಅಂತ ಸೇರಿರುತ್ತದೆ, ಜಗಳ ಆಡಬೇಡಿ. ಕಾಫಿ ನಿಂತು ಕುಡಿದರೆ ಒಂದೂವರೆ ಯೂರೋದೊಳಗೆ, ನೀರಿನ ಪಕ್ಕ ಕೂತರೆ ಅದರ ಮೂರು ಪಟ್ಟು.

ಮಿಲಾನ್‌ನಿಂದಾಚೆಗಿನ ಒಟ್ಟು ಖರ್ಚು ನಾಲ್ಕು ಜನಕ್ಕೆ 1,300 ಯೂರೋ ಸುತ್ತಮುತ್ತ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಬಾಡಿಗೆ. ಹೊರಡುವ ದಿನ ರೈಲು ಮುಷ್ಕರ ಇತ್ತು. ಇಟಲಿಯಲ್ಲಿ ಮುಷ್ಕರವನ್ನು ಮುಂಚೆಯೇ ಪ್ರಕಟಿಸುತ್ತಾರೆ, ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಒಂದಷ್ಟು ರೈಲು ಓಡಿಸಲೇಬೇಕು. ಏಳು ಗಂಟೆಯ ರೈಲು ಹಿಡಿದು ಆರಾಮಾಗಿ ಮಿಲಾನ್ ಸೇರಿದೆವು.

"ಸೋಮವಾರ ಏನೂ ಇರಲ್ಲ" ಅಂದವರು ಈಗ ಸೆಪ್ಟೆಂಬರ್‌ಗೆ ಮನೆ ಹುಡುಕುತ್ತಿದ್ದಾರೆ. ಅವರಿಗೆ ಒಂದು ಮಾತು. ಅಜೇಲಿಯಾ ಸಿಗಲ್ಲ. ಆದರೆ ವರೆನ್ನಾದ ದಕ್ಷಿಣಕ್ಕೆ ಒಂದು ಕಿಲೋಮೀಟರ್ ನಡೆದರೆ ಫಿಯುಮೆಲಾತ್ತೆ ಇದೆ, 250 ಮೀಟರ್ ಉದ್ದದ ನದಿ, ಲಿಯೊನಾರ್ಡೊ ಡ ವಿಂಚಿಯೇ ಬರೆದಿಟ್ಟದ್ದು. ಹಾಲಿನಷ್ಟು ಬೆಳ್ಳಗೆ ನೊರೆ. ಮಾರ್ಚ್ ಕೊನೆಗೆ ಶುರುವಾಗಿ ಅಕ್ಟೋಬರ್ ಮೊದಲ ವಾರಕ್ಕೆ ನಿಲ್ಲುತ್ತದೆ ಅನ್ನೋದು ಅಲ್ಲಿನ ವಾಡಿಕೆ. ರಜೆಯನ್ನು ಅಕ್ಟೋಬರ್‌ಗೆ ತಳ್ಳಬೇಡಿ.