ಏರಿ ಇಲ್ಲದ ಕೆರೆಗಳ ದಾರಿ: ನೆಬ್ರಾಸ್ಕಾದಲ್ಲಿ ಅಪ್ಪ ಅಮ್ಮನ ಜೊತೆ ನಾಲ್ಕು ದಿನ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ಮನೆ ಮಾಡಿ ಆರು ವರ್ಷವಾದರೂ ಆ ರಾಜ್ಯವನ್ನು ನಾನು ನೋಡಿರಲಿಲ್ಲ. ಕೊಲೊರಾಡೋಗೆ ಹೋಗುವಾಗೆಲ್ಲ ಇಂಟರ್‌ಸ್ಟೇಟ್ 80 ಹಿಡಿದು ಒಂದೇ ಉಸಿರಿಗೆ ದಾಟಿಬಿಡುತ್ತಿದ್ದೆವು. ‘ಬರೀ ಮೆಕ್ಕೆಜೋಳದ ಹೊಲ, ನೋಡೋಕೇನಿದೆ’ ಅನ್ನುವುದು ಇಲ್ಲಿನ ನಮ್ಮ ಕನ್ನಡದವರಲ್ಲೂ ಇರುವ ಮಾತು. ಊರಿಂದ ಅಪ್ಪ ಅಮ್ಮ ಬಂದಾಗ, ಜೂನ್ ಮೊದಲ ವಾರ, ಬೇಕೆಂದೇ ಆ ಹೆದ್ದಾರಿ ಬಿಟ್ಟೆ.

ಗ್ರ್ಯಾಂಡ್ ಐಲ್ಯಾಂಡ್‌ನಿಂದ ಅಲಯನ್ಸ್‌ವರೆಗೆ ಹೋಗುವ ಹೈವೇ 2 ಸುಮಾರು 272 ಮೈಲಿ. ಅದರ ಬಹುಭಾಗ ಸ್ಯಾಂಡ್‌ಹಿಲ್ಸ್ ಒಳಗೇ ಹಾದುಹೋಗುತ್ತದೆ. ಹುಲ್ಲು ಹೊದ್ದ ಮರಳ ದಿಬ್ಬಗಳ ಈ ಸೀಮೆ ರಾಜ್ಯದ ಕಾಲು ಭಾಗದಷ್ಟಿದೆ. ಪ್ಲಾನ್ ಮಾಡಲು ಕೂತಾಗ ನಾನು ಮೊದಲು ಗುರುತು ಹಾಕಿದ್ದು ನೋಡುವ ಜಾಗಗಳನ್ನಲ್ಲ, ಏನೂ ಸಿಗದ ಜಾಗಗಳನ್ನು. ಎಲ್ಲಿಂದ ಎಲ್ಲಿಯವರೆಗೆ ಪೆಟ್ರೋಲ್ ಬಂಕ್ ಇಲ್ಲ, ಅಮ್ಮನಿಗೆ ಬಾತ್‌ರೂಮ್ ಎಲ್ಲಿ ಸಿಗುತ್ತದೆ, ರಾತ್ರಿಗೆ ರೂಮ್ ಇರುವ ಊರು ಯಾವುದು, ಇಷ್ಟನ್ನು ಬರೆದುಕೊಂಡೆ. ಹಯಾನಿಸ್ ಬಿಟ್ಟರೆ ಅಲಯನ್ಸ್‌ಗೆ ಸುಮಾರು 60 ಮೈಲಿ. ಟ್ಯಾಂಕ್ ಅರ್ಧಕ್ಕೆ ಇಳಿದರೆ ಸಿಕ್ಕ ಊರಲ್ಲೇ ತುಂಬಿಸುವುದೆಂದು ನಿಯಮ ಮಾಡಿಕೊಂಡೆ. ಫೋನ್ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ಒಂದು ಕಾಗದದ ಮ್ಯಾಪನ್ನೂ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆ.

ಊಟದ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಇದು ದನ ಸಾಕುವ ಸೀಮೆ, ಸಣ್ಣ ಊರುಗಳಲ್ಲಿ ಸಸ್ಯಾಹಾರ ಅಂದರೆ ಹೆಚ್ಚೆಂದರೆ ಆಲೂ ಫ್ರೈಸ್. ಚಿಕ್ಕ ರೈಸ್ ಕುಕ್ಕರ್, ಸೋನಾ ಮಸೂರಿ, ಪುಳಿಯೋಗರೆ ಗೊಜ್ಜು, ಶೇಂಗಾ ಚಟ್ನಿಪುಡಿ, ಐಸ್ ಪೆಟ್ಟಿಗೆಯಲ್ಲಿ ಮೊಸರು ಒಯ್ದಿದ್ದರಿಂದ ಅಮ್ಮ ನಾಲ್ಕೂ ದಿನ ಹೊಟ್ಟೆ ತುಂಬಾ ಉಂಡರು. ಮಧ್ಯಾಹ್ನದ ಮೊದಲ ಬುತ್ತಿ ಬಿಚ್ಚಿದ್ದು ಹಾಲ್ಸಿಯ ಕಾಡಿನಲ್ಲಿ. ಮರವೇ ಇರದ ಮರಳುದಿಬ್ಬಗಳ ಮೇಲೆ, ಇಪ್ಪತ್ತನೇ ಶತಮಾನದ ಆರಂಭದಿಂದ ಕೈಯಾರೆ ನೆಟ್ಟು ಬೆಳೆಸಿದ ಪೈನ್ ಕಾಡು ಅದು. ಆ ರಾತ್ರಿ ಥೆಡ್‌ಫೋರ್ಡ್‌ನಲ್ಲಿ ಉಳಿದೆವು.

ಮರುದಿನ ಹಯಾನಿಸ್ ದಾಟಿದ ಮೇಲೆ ದಿಬ್ಬಗಳ ನಡುವೆ ಒಂದರ ಹಿಂದೆ ಒಂದು ಕೆರೆ. ಹಿಂದಿನ ಸೀಟಿನಲ್ಲಿದ್ದ ಅಪ್ಪ ಮುಂದೆ ಬಾಗಿ, ‘ಗಾಡಿ ನಿಲ್ಸಮ್ಮ. ಈ ಕೆರೆಗೆ ಏರಿ ಎಲ್ಲೈತೆ?’ ಅಂದರು. ಹಿರಿಯೂರಿನ ನಮ್ಮ ಹೊಲದಲ್ಲಿ ಎರಡು ಬೋರ್ ಕೊರೆಸಿ ಎರಡರಲ್ಲೂ ನೀರು ಕಾಣದವರು ಅವರು. ಏರಿ ಇಲ್ಲ, ಯಾರೂ ಕಟ್ಟಿದ ಕೆರೆಯಲ್ಲ ಇದು ಅಂದೆ. ಮಳೆ ಮರಳಲ್ಲಿ ಹರಿಯದೆ ನೇರ ಇಂಗಿ, ಓಗಲಾಲಾ ಅನ್ನುವ ಭಾರಿ ಅಂತರ್ಜಲಕ್ಕೆ ಸೇರುತ್ತದೆ. ತಗ್ಗು ಇರುವಲ್ಲಿ ಆ ನೀರೇ ಮೇಲೆ ಕಾಣುತ್ತದೆ. ಅಪ್ಪ ಬೇಲಿ ಪಕ್ಕ ಕೂತು ಒಂದು ಹಿಡಿ ಮಣ್ಣು ಎತ್ತಿ ಬೆರಳ ಸಂದಿಯಿಂದ ಸೋರಲು ಬಿಟ್ಟರು. ದೂರದಲ್ಲಿ ಗಾಳಿಯಂತ್ರವೊಂದು ದನದ ತೊಟ್ಟಿಗೆ ನೀರೆತ್ತುತ್ತಿತ್ತು. ಅಲ್ಲಿಂದ ಹೊರಡಲು ಮುಕ್ಕಾಲು ಗಂಟೆ ಆಯಿತು. ಪ್ಲಾನಿನಲ್ಲಿ ಆ ಹೊತ್ತು ಇರಲಿಲ್ಲ. ದಿನಕ್ಕೆ ಎರಡು ಗಂಟೆ ಖಾಲಿ ಬಿಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಇನ್ನೂ ಮುಂದೆ ಆಂಟಿಯೋಕ್ ಬಳಿ ರಸ್ತೆ ಪಕ್ಕದಲ್ಲೇ ಕಾಂಕ್ರೀಟಿನ ಪಾಳು ಕಂಬಗಳಿವೆ. ಮೊದಲ ಮಹಾಯುದ್ಧದಲ್ಲಿ, ಗೊಬ್ಬರಕ್ಕೆ ಬಳಸುವ ಪೊಟ್ಯಾಷ್ ಜರ್ಮನಿಯಿಂದ ಬರುವುದು ನಿಂತಾಗ, ಇಲ್ಲಿನ ಚೌಳು ಕೆರೆಗಳ ನೀರಿನಿಂದ ಪೊಟ್ಯಾಷ್ ತೆಗೆದ ಕಾರ್ಖಾನೆಗಳವು. ಪೊಟ್ಯಾಷ್ ಅಂದರೆ ಅಪ್ಪನಿಗೆ ವಿವರಿಸಬೇಕಿರಲಿಲ್ಲ. ಅಲಯನ್ಸ್‌ನಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುವೃತ್ತದ ಹಾಗೆ ಹಳೇ ಕಾರುಗಳನ್ನು ನೆಟ್ಟು 1987ರಲ್ಲಿ ಮಾಡಿದ ಕಾರ್‌ಹೆಂಜ್ ನೋಡಿ, ಸ್ಕಾಟ್ಸ್‌ಬ್ಲಫ್‌ನಲ್ಲಿ ತಂಗಿದೆವು.

ತಪ್ಪಿದ್ದು ಮೂರನೇ ದಿನ. ಥೆಡ್‌ಫೋರ್ಡ್ ಮತ್ತು ಮಲೆನ್ ನಡುವೆ ಸೆಂಟ್ರಲ್ ಸಮಯವಲಯ ಮುಗಿದು ಮೌಂಟನ್ ಸಮಯವಲಯ ಶುರುವಾಗಿ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಹೋಗುವಾಗ ಸಿಕ್ಕಿದ ಆ ಗಂಟೆಯನ್ನು, ಚಾಡ್ರನ್‌ನಿಂದ ಹೈವೇ 20ರಲ್ಲಿ ಪೂರ್ವಕ್ಕೆ ತಿರುಗಿದಾಗ ವಾಪಸ್ ಕೊಡಬೇಕೆಂದು ನಾನು ಲೆಕ್ಕ ಹಾಕಿರಲಿಲ್ಲ. ವ್ಯಾಲೆಂಟೈನ್ ತಲುಪುವಾಗ ಮೋಟೆಲ್ ಕೌಂಟರ್ ಮುಚ್ಚಿತ್ತು. ಬಾಗಿಲ ಮೇಲಿದ್ದ ನಂಬರಿಗೆ ನಾನು ಫೋನ್ ಮಾಡಿದೆ, ಕೀಲಿ ಸಿಗುವವರೆಗೆ ವಯಸ್ಸಾದ ಇಬ್ಬರೂ ಕಾರಿನಲ್ಲೇ ಕೂತಿದ್ದರು. ಪ್ರತಿ ಬುಕಿಂಗ್ ಪಕ್ಕದಲ್ಲಿ ‘ಸೆಂಟ್ರಲ್’, ‘ಮೌಂಟನ್’ ಎಂದು ಬರೆದಿಟ್ಟುಕೊಳ್ಳಿ.

ಕೊನೆಯ ದಿನ ಬೆಳಿಗ್ಗೆ ಸ್ಮಿತ್ ಫಾಲ್ಸ್. ಸ್ಟೇಟ್ ಪಾರ್ಕಿಗೆ ಗಾಡಿಯ ಪರ್ಮಿಟ್ ಬೇಕು, ಆನ್‌ಲೈನಲ್ಲಿ ಮೊದಲೇ ತೆಗೆದುಕೊಂಡಿದ್ದೆ. ನಯೊಬ್ರಾರಾ ನದಿಯ ಮೇಲಿನ ಕಬ್ಬಿಣದ ಸೇತುವೆ ದಾಟಿ, ಹಲಗೆ ದಾರಿಯಲ್ಲಿ ಸ್ವಲ್ಪ ನಡೆದರೆ ಜಲಪಾತ, ಅಮ್ಮನ ಮಂಡಿನೋವಿಗೂ ತೊಂದರೆಯಾಗಲಿಲ್ಲ. ಒಮಾಹಾಗೆ ಸುಮಾರು 300 ಮೈಲಿ ಇದ್ದುದರಿಂದ ಹತ್ತು ಗಂಟೆಗೆ ಹೊರಡುವುದೆಂದು ಬರೆದಿದ್ದೆ. ಅಪ್ಪ ಪ್ಯಾಂಟು ಮಡಚಿ ನದಿಗೆ ಕಾಲು ಇಳಿಬಿಟ್ಟು ಕೂತವರು ಎದ್ದದ್ದು ಹನ್ನೊಂದೂವರೆಗೆ. ನಾನು ಕರೆಯಲಿಲ್ಲ.